ಮೋಟು ಬೆಂಚು

ಊರಿನ ಮರದ ಚರ್ಚಿನಲ್ಲಿ ಎಡಗಡೆಯ ಮೂರನೇ ಬೆಂಚು ಉಳಿದವಕ್ಕಿಂತ ಉದ್ದದಲ್ಲಿ ಎರಡು ಮೊಳ ಕಡಿಮೆ. ಮೂವತ್ತೊಂದು ವರ್ಷದ ಹಿಂದೆ ಅದರ ತುದಿಯನ್ನು ಕುಯ್ದವನು ಊರಿನ ಬಡಗಿ. ಯಾರನ್ನೂ ಕೇಳಿರಲಿಲ್ಲ. ಆ ವರ್ಷ ಅವನ ಅಕ್ಕನ ಕಾಲುಗಳ ಸ್ವಾಧೀನ ತಪ್ಪಿ ಗಾಲಿಕುರ್ಚಿ ಬಂದಿತ್ತು. ಕುರ್ಚಿಯನ್ನು ಚರ್ಚಿನ ಹಿಂಬಾಗಿಲ ಹತ್ತಿರ, ಒದ್ದೆ ಕೊಡೆಗಳ ಪಕ್ಕ ನಿಲ್ಲಿಸುತ್ತಿದ್ದರು. "ನಾನೇನು ಕೊಡೇನೇನೋ?" ಎಂದು ಅಕ್ಕ ಒಂದೇ ಒಂದು ಸಲ ಕೇಳಿದ್ದಳು. ಮರುದಿನವೇ ಬಡಗಿ ಗರಗಸ ಹಿಡಿದು ಹೊರಟಿದ್ದ.

ಅಂದಿನಿಂದ ಅವಳ ಕುರ್ಚಿ ಆ ಸಂದಿನಲ್ಲಿ, ಸಾಲಿನೊಳಗೇ, ಅಳತೆ ಕೊಟ್ಟು ಮಾಡಿಸಿದ ಹಾಗೆ ನಿಲ್ಲುತ್ತದೆ. ಆ ಚರ್ಚಿನಲ್ಲಿ ವಾದ್ಯವಿಲ್ಲ. ಒರಗುವ ಹಲಗೆಯ ಕುಯ್ದ ತುದಿಗೆ ಅಕ್ಕ ಬೆರಳ ಗೆಣ್ಣಿನಿಂದ ಟಕ್ ಟಕ್ ಎಂದು ತಟ್ಟಿದರೆ ಊರೆಲ್ಲ ಒಟ್ಟಿಗೆ ಹಾಡು ಎತ್ತಿಕೊಳ್ಳುತ್ತದೆ. ತಟ್ಟಿ ತಟ್ಟಿ ಅಲ್ಲಿ ಒಂದು ಸಣ್ಣ ಬಟ್ಟಲಿನಷ್ಟು ತಗ್ಗು ಬಿದ್ದಿದೆ.

ಈಗ ಚರ್ಚಿಗೇ ಕುತ್ತು ಬಂದಿತ್ತು. ಸಮಿತಿಯಲ್ಲಿ ಅರ್ಧ ಜನಕ್ಕೆ ಅದನ್ನು ಕೆಡವಿ ಸಿಮೆಂಟಿನ ಕಟ್ಟಡ ಎಬ್ಬಿಸುವ ಹುಮ್ಮಸ್ಸು. ಪಾರಂಪರಿಕ ಕಟ್ಟಡಗಳ ಪಟ್ಟಿಗೆ ಸೇರಿಬಿಟ್ಟರೆ ಮಾತ್ರ ಯಾರೂ ಅದರ ತಂಟೆಗೆ ಬರುವಂತಿರಲಿಲ್ಲ. ಪರಿಶೀಲಿಸಲು ಅಧಿಕಾರಿಯೊಬ್ಬರು ಬುಧವಾರ ಬರುವವರಿದ್ದರು.

"ಮೂಲ ರೂಪ ಕೆಡದೆ ಉಳಿದಿರಬೇಕಂತೆ ಕಣಪ್ಪ," ಎಂದು ಪಾದ್ರಿಗಳು ಬಡಗಿಗೆ ಕಾಗದ ಓದಿ ಹೇಳಿದರು. ಕೆಡಿಸಿದ ಕೈ ಅವನದೇ.

ಎರಡು ದಿನ ಅವನು ಮನೆಯ ಕಡೆ ಸರಿಯಾಗಿ ತಲೆ ಹಾಕಲಿಲ್ಲ. ಗಂಟೆಗೂಡಿನ ಹಳೇ ಏಣಿಯ ಹಲಗೆಗಳನ್ನು ಹುಡುಕಿ ತೆಗೆದ. ಮರದ ಗೆರೆಗೆ ಗೆರೆ ಕೂಡಿಸಿದ. ಚಹಾದ ಡಿಕಾಕ್ಷನ್ ಹಚ್ಚಿ ಬಣ್ಣ ತಂದ. ಕುಯ್ದ ಬೆಂಚಿಗೆ ಎರಡು ಮೊಳದ ತುಂಡು ಸೇರಿ ಅದು ಉಳಿದವುಗಳ ಸಮಕ್ಕೆ ಬಂತು. ಅಂಟು ಕಾಯಿಸಿ ಇಟ್ಟಿದ್ದನಾದರೂ ಬಳಿಯುವ ಹೊತ್ತಿಗೆ ಕೈ ಮುಂದೆ ಹೋಗಲಿಲ್ಲ. ಎರಡು ಮರದ ಬೆಣೆ ಬಡಿದು ನಿಲ್ಲಿಸಿದ. ಅಕ್ಕನಿಗೆ, "ಬುಧವಾರ ಬರಬೇಡ, ವಿಪರೀತ ಧೂಳು," ಎಂದ.

ಅಧಿಕಾರಿ ನಡುವಯಸ್ಸಿನ ಹೆಂಗಸು. ನೆಲಕ್ಕೆ ಮಂಡಿಯೂರಿ, ಟಾರ್ಚು ಹಿಡಿದು, ಒಂದೊಂದು ಬೆಂಚಿನ ಹೊಟ್ಟೆಯನ್ನೂ ನೋಡಿದರು.

"ಇವೆಲ್ಲ ಮೊದಲಿಂದ ಇದ್ದ ಹಾಗೇ ಇವೆಯಾ?"

ಪಾದ್ರಿಗಳು ಏಕಾಏಕಿ ಸೂರು ನೋಡತೊಡಗಿದರು. "ಹೂಂ," ಎಂದ ಬಡಗಿ. ಅಧಿಕಾರಿ ಬರೆದುಕೊಂಡರು: ಬೆಂಚುಗಳು ಹತ್ತು, ಬದಲಾವಣೆ ಇಲ್ಲ.

ಆಗಲೇ ಬಾಗಿಲಲ್ಲಿ ಗಾಲಿಯ ಕಿರ್ ಕಿರ್ ಕೇಳಿಸಿತು. ಬೇಡವೆಂದರೆ ಬಂದೇ ಬರುವ ಜಾತಿ ಅಕ್ಕ. ನೇರವಾಗಿ ತನ್ನ ಜಾಗಕ್ಕೆ ಕುರ್ಚಿ ತಿರುಗಿಸಿದಳು. ಗಾಲಿ ಹೋಗಿ ಬೆಂಚಿಗೆ ಢೀ ಎಂದಿತು. ಅಭ್ಯಾಸದ ಕೈ ತುದಿಯನ್ನು ತಟ್ಟಿತು.

"ಇದೇನೋ ಇದು, ಕುಂಬಳಕಾಯಿ ತಟ್ಟಿದ ಹಾಗಿದೆ!"

ತಮ್ಮನ ಮುಖ ನೋಡಿದಳು. ಅವನು ನೆಲ ನೋಡಿದ. ಚಿಕ್ಕಂದಿನಲ್ಲಿ ಬೆಲ್ಲ ಕದ್ದು ಸಿಕ್ಕಿಬಿದ್ದಾಗ ಇದ್ದದ್ದೂ ಅದೇ ಮುಖ. ಅಕ್ಕನಿಗೆ ಅಷ್ಟು ಸಾಕಿತ್ತು.

"ಅಯ್ಯೋ, ವಯಸ್ಸಾಯ್ತು ನೋಡಿ ಮೇಡಂ, ಮರೆತೇಬಿಟ್ಟೆ," ಎಂದು ನಕ್ಕಳು. "ನನ್ನ ಜಾಗ ಅಲ್ಲಿ, ಹಿಂದುಗಡೆ. ಕೊಡೆ ಇಡ್ತಾರಲ್ಲ, ಅದರ ಪಕ್ಕ."

ಕುರ್ಚಿ ಹಿಂದಕ್ಕೆ ತಿರುಗಿತು. ಗಾಲಿ ನೆಲದ ನಾಲ್ಕು ಹಲಗೆ ದಾಟುವವರೆಗೆ ಬಡಗಿ ತಡೆದುಕೊಂಡ. ಐದನೆಯದಕ್ಕೆ ಚೀಲದಿಂದ ಕೊಡತಿ ತೆಗೆದ.

"ಏನ್ರೀ, ಏನ್ ಮಾಡ್ತಿದ್ದೀರಿ?" ಎಂದು ಅಧಿಕಾರಿ ಗಾಬರಿಯಾದರು.

ಎರಡು ಏಟಿಗೆ ಬೆಣೆಗಳು ಹಾರಿದವು. ತುಂಡು ಕಳಚಿ ಅವನ ಕೈಗೆ ಬಂತು. "ಸುಳ್ಳು ಹೇಳಿದೆ ಮೇಡಂ. ಇದು ಮೊನ್ನೆ ಸೇರಿಸಿದ್ದು. ಹಿಂದೆ ಬೆಂಚು ಕುಯ್ದವನೂ ನಾನೇ, ಇವಳ ಕುರ್ಚಿಗೆ ಜಾಗ ಬೇಕಿತ್ತು. ಚರ್ಚಿಂದೇನೂ ತಪ್ಪಿಲ್ಲ. ಕೆಡವೋದಿದ್ರೆ ನನ್ನನ್ನ ಕೆಡವಿ."

"ನಿನ್ನ ಕೆಡವಿದ್ರೆ ಒಂದು ಹಿಡಿ ಹೊಟ್ಟು ಸಿಗಲ್ಲ, ಸುಮ್ನಿರು," ಎಂದಳು ಅಕ್ಕ.

ಅಧಿಕಾರಿ ಕುಯ್ದ ತುದಿಯ ತಗ್ಗಿನಲ್ಲಿ ಬೆರಳಾಡಿಸಿದರು. ಆಮೇಲೆ ಬಡಗಿಯ ಕೈಯಲ್ಲಿದ್ದ ತುಂಡನ್ನು ತಿರುಗಿಸಿ ನೋಡಿದರು.

"ಅಂಟು ಹಾಕಿಲ್ವಲ್ಲ?"

"ಕೈ ಬರಲಿಲ್ಲ ಮೇಡಂ."

ಅವರು ಬರೆದಿದ್ದ ಸಾಲನ್ನು ಹೊಡೆದುಹಾಕಿದರು. "ಕುಯ್ದಿದ್ದು ಯಾವ ವರ್ಷ?"

"ನಾನು ಕೊಡೆ ಆಗಿದ್ದ ವರ್ಷ," ಎಂದಳು ಅಕ್ಕ. ಆಮೇಲೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಅಧಿಕಾರಿ ಎರಡು ಪುಟ ಬರೆದುಕೊಂಡು, "ಒಂದ್ಸಲ ತಟ್ಟಿ ಅಮ್ಮ," ಎಂದರು. ಟಕ್ ಟಕ್. ಪಾದ್ರಿಗಳು ಒಬ್ಬರೇ ಹಾಡು ಎತ್ತಿಕೊಂಡು ಎರಡನೇ ಸಾಲಿಗೆ ಶ್ರುತಿ ತಪ್ಪಿದರು.

ಎರಡು ತಿಂಗಳಿಗೆ ಕಾಗದ ಬಂತು. ಚರ್ಚು ಪಟ್ಟಿಗೆ ಸೇರಿತ್ತು. ಎಡಗಡೆಯ ಮೂರನೇ ಬೆಂಚನ್ನು, ಅದರ ಕುಯ್ದ ತುದಿ ಮತ್ತು ತಗ್ಗಿನ ಸಮೇತ, ಅದೂ ಚರ್ಚಿನ ಚರಿತ್ರೆಯ ಭಾಗವಾದ್ದರಿಂದ ಇದ್ದ ಹಾಗೆಯೇ ಉಳಿಸಿಕೊಳ್ಳಬೇಕೆಂದು ಅದರಲ್ಲಿತ್ತು. "ಕೇಳಿಸ್ತೇನೋ?" ಎಂದಳು ಅಕ್ಕ ತಮ್ಮನಿಗೆ. "ಇನ್ಮೇಲೆ ಉಳಿ ಹಿಡ್ಕೊಂಡು ಈ ಕಡೆ ಸುಳಿದ್ರೆ ಪೊಲೀಸರನ್ನ ಕರೀತೀನಿ."

ಕಳಚಿದ ತುಂಡನ್ನು ಬಡಗಿ ಎಸೆಯಲಿಲ್ಲ. ಅದಕ್ಕೆ ಆರು ಗೂಟ ಹೊಡೆದು ಹಿಂಬಾಗಿಲ ಹತ್ತಿರದ ಗೋಡೆಗೆ ಹಾಕಿದ. ಈಗ ಕೊಡೆಗಳನ್ನು ಅದಕ್ಕೇ ತೂಗುಹಾಕುತ್ತಾರೆ.