ಸೌತೆಬಳ್ಳಿಯ ಹಿಡಿತ

ಚೊಂಬು ಮತ್ತೆ ಕೈಜಾರಿ ಬಿತ್ತು. ನೀರೆಲ್ಲ ಬಾಲ್ಕನಿಯ ಅಂಚಿನಿಂದ ಕೆಳಮನೆಯವರು ಒಣಹಾಕಿದ್ದ ಬಟ್ಟೆಯ ಮೇಲೆ ಸುರಿಯಿತು. "ಯಾರ್ರೀ ಅದು?" ಎಂದು ಕೆಳಗಿಂದ ಕೂಗು ಕೇಳಿಸಿದರೂ ಮೇಸ್ತ್ರಿ ಕಿವುಡನಂತೆ ನಿಂತ.

"ಗಿಡಕ್ಕೆ ಎಡಗೈಲಿ ನೀರು ಹಾಕ್ತೀನಿ ಅಂದ್ರೆ ನೀನು ಬಿಡಲ್ಲ. ಈ ಬಲಗೈ ಕೈಯಲ್ಲ ಕಣೇ, ತೋಳಿಗೆ ನೇತುಹಾಕಿರೋ ಚೀಲ."

"ಚೀಲದಲ್ಲೇ ಹಾಕಿ, ಪರವಾಗಿಲ್ಲ," ಎಂದಳು ಹೆಂಡತಿ ಒಳಗಿನಿಂದ.

ಕಾರ್ಖಾನೆಯಲ್ಲಿ ಆಯುಷ್ಯವೆಲ್ಲ ಲೇತ್ ಯಂತ್ರದ ಮುಂದೆ ನಿಂತವನು ಅವನು. ಕಡೆದಿಟ್ಟ ಕಬ್ಬಿಣದ ಮೇಲೆ ಬೆರಳಾಡಿಸಿ, ಕೂದಲೆಳೆಯಷ್ಟು ಉಬ್ಬಿದ್ದರೂ ಹೇಳಿಬಿಡುತ್ತಿದ್ದ. ಬೇಸಿಗೆಯಲ್ಲಿ ಲಕ್ವ ಹೊಡೆಯಿತು. ಮಾತು ಮರಳಿತು, ಕಾಲೂ ಮರಳಿತು. ಬಲಗೈ ಆಡುತ್ತಿತ್ತು, ಆದರೆ ಏನು ಮುಟ್ಟಿದರೂ ತಿಳಿಯುತ್ತಿರಲಿಲ್ಲ. ಬಿಸಿ ಲೋಟ ಹಿಡಿದು ಬೊಬ್ಬೆ ಎದ್ದಾಗಲೂ ಕಣ್ಣಿಂದ ನೋಡಿಯೇ ತಿಳಿಯಬೇಕಾಯಿತು. ಅಂದಿನಿಂದ ವ್ಯಾಯಾಮ ಬಿಟ್ಟ. ಗೆಳೆಯರು ಬಂದರೆ ಗೋಡೆಯ ಕಡೆ ತಿರುಗಿ ನಿದ್ದೆ ನಟಿಸಿದ.

ಬಾಲ್ಕನಿ ಎರಡು ಮನೆಗೂ ಸೇರಿದ್ದು. ಕುಂಡಗಳೆಲ್ಲ ಪಕ್ಕದ ಮನೆಯ ನರ್ಸಮ್ಮನವು. ಕಾಲಿಡಲೂ ಜಾಗವಿಲ್ಲವೆಂದು ಹಿಂದೆ ರಂಪ ಮಾಡಿದವನೇ ಇವನು. ಮಗಳ ಹೆರಿಗೆಗೆ ಹೊರಟ ಆಕೆ, "ಅಣ್ಣಾ, ಮೊದ್ಲು ಮಣ್ಣಿಗೆ ಬೆರಳಿಟ್ಟು ನೋಡಿ. ಒದ್ದೆ ಇದ್ರೆ ನೀರು ಬೇಡ," ಎಂದಿದ್ದಳು. ಬೆರಳು ಎಂದೊಡನೆ ಅವನು ಮುಖ ತಿರುಗಿಸಿದ್ದ. ಹೆಂಡತಿ ಒಪ್ಪಿಕೊಂಡು, ಕೆಲಸವನ್ನು ಗಂಡನ ತಲೆಗೆ ಕಟ್ಟಿದಳು.

ಮೂಲೆಯ ಕುಂಡದ ಸೌತೆಬಳ್ಳಿ ದಾರದಿಂದ ಜಾರಿ ಜೋತುಬಿದ್ದಿತ್ತು. ಗೊಣಗುತ್ತಲೇ ಅದನ್ನು ಬಲಗೈಯಿಂದ ಕಂಬಿಗೆ ಒತ್ತಿಹಿಡಿದು, ಎಡಗೈಯಲ್ಲಿ ದಾರಕ್ಕಾಗಿ ತಡಕಾಡಿದ. ದಾರ ಸಿಕ್ಕುಸಿಕ್ಕಾಗಿತ್ತು, ಬಿಡಿಸುತ್ತ ಬಹಳ ಹೊತ್ತಾಯಿತು.

ಕಿರುಬೆರಳಿನ ಮೇಲೆ ಇರುವೆ ಹರಿದಂತಾಯಿತು. ಕೊಡವಿಕೊಳ್ಳಬೇಕೆಂದುಕೊಂಡವನು ಹಾಗೇ ನಿಂತುಬಿಟ್ಟ. ಯಾವ ಕೈ ಅದು?

ಮೆಲ್ಲನೆ ತಿರುಗಿ ನೋಡಿದ. ಇರುವೆಯಿರಲಿಲ್ಲ. ಬಳ್ಳಿಯಿಂದ ಚಾಚಿದ ಹಸಿರು ಎಳೆಯೊಂದು ಕಿರುಬೆರಳನ್ನು ಬಳಸಿ, ತುದಿಯನ್ನು ಇನ್ನೂ ಒಳಕ್ಕೆ ಬಾಗಿಸುತ್ತಿತ್ತು. ಲೇತಿನಿಂದ ಕಬ್ಬಿಣದ ಸುರುಳಿಗಳು ಕಿರುಚುತ್ತ ಏಳುವುದನ್ನು ದಿನವೂ ಕಂಡವನು ಅವನು. ಇಲ್ಲಿ ಸದ್ದೇ ಇರಲಿಲ್ಲ. ಕಣ್ಣಿಲ್ಲದ, ಕಿವಿಯಿಲ್ಲದ ಜೀವವೊಂದು ಬೆರಳನ್ನು ಮುಟ್ಟಿ, ಇದು ಆದೀತು ಎಂದು ನಂಬಿ ಸುತ್ತಿಕೊಳ್ಳುತ್ತಿತ್ತು. ಕಣ್ಣು ಮುಚ್ಚಿದ. ಆಗಲೂ ತಿಳಿಯುತ್ತಿತ್ತು, ದಾರಕ್ಕಿಂತ ತೆಳು, ತಣ್ಣಗೆ. ಉಸಿರು ಬಿಡಲೂ ಹೆದರಿಕೆಯಾಯಿತು.

"ಮಾತ್ರೆ ತಗೊಳ್ಳಿ," ಎನ್ನುತ್ತ ಹೆಂಡತಿ ಬಂದಳು.

"ಮೆಲ್ಲಗೆ! ಹಿಡ್ಕೊಂಡಿದೆ."

"ಅಯ್ಯೋ, ಸಿಕ್ಕಿಹಾಕ್ಕೊಂಡ್ರಾ? ಕತ್ತರಿ ತರ್ಲಾ?"

"ಬೇಡ, ಬೇಡ… ನಂಗೆ ಗೊತ್ತಾಗ್ತಿದೆ ಕಣೇ. ಹಿಡ್ಕೊಂಡಿರೋದು ಗೊತ್ತಾಗ್ತಿದೆ."

ಅವಳು ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ಹತ್ತಿರ ಬಂದು, ಮಗುವಿಗೆ ಹಾಕುವಂತೆ ಮಾತ್ರೆಯನ್ನು ತಾನೇ ಅವನ ಬಾಯಿಗೆ ಹಾಕಿ, ನೀರು ಕುಡಿಸಿ, ಪಕ್ಕದಲ್ಲೇ ನಿಂತಳು.

ಗಾಳಿ ಬೀಸಿತು. ಕುಂಡಗಳ ಎಲೆಗಳೆಲ್ಲ ಒಟ್ಟಿಗೆ ಅಲುಗಿದವು. ಕಂಬಿಯ ಮೇಲಿನ ಕಿರುಬೆರಳು ಮಾತ್ರ ಅಲುಗಲಿಲ್ಲ.