ಬೇತಮಂಗಲದ ನೀರು

ರೈಲಿನ ಬಾಗಿಲಿಗೆ ಸಿಕ್ಕಿಕೊಂಡ ಹೂವಿನ ಹಾರವನ್ನು ಅಮ್ಮಾಜಮ್ಮ ಜಗ್ಗಿ ಎಳೆದಳು. ಅರ್ಧ ಸೇವಂತಿಗೆ ಉರಿಗಾಂ ಸ್ಟೇಷನ್ನಿನ ನೆಲದ ಮೇಲೆ ಉದುರಿತು, ಇನ್ನರ್ಧ ದಾರದ ಸಮೇತ ಕೈಗೆ ಬಂತು.

"ನಿದಾನ ಕಣಮ್ಮೋ. ಸತ್ತೋರೇನು ಎದ್ದು ಓಗ್ತಾರಾ?" ಎಂದ, ಹಿಂದೆ ಇಳಿಯಲು ಕಾದಿದ್ದವನೊಬ್ಬ.

"ನಿನ್ನ ಬಾಯಿಗೆ ಮಣ್ಣಾಕ!" ಎಂದು ಬೈದು ಅವಳು ಬಿರಬಿರನೆ ನಡೆದಳು. ಸ್ಟೇಷನ್ನು ದಾಟಿದ ಮೇಲೆ ಬೈಯಲೂ ಉಸಿರು ಸಾಲದೆ ಒಂದು ಕಂಬ ಹಿಡಿದು ನಿಂತಳು. ಗೆಳತಿ ಕನಕ ರಾತ್ರಿ ಮಲಗಿದವಳು ಬೆಳಿಗ್ಗೆ ಏಳಲಿಲ್ಲವಂತೆ. ಹಾಲು ಕರೆಯುತ್ತಿದ್ದಾಗ ಸುದ್ದಿ ಬಂದಿತ್ತು. ಗಂಡ ಅಶ್ವತ್ಥಪ್ಪ ಚೆಂಬು ಕಿತ್ತುಕೊಂಡು, "ನೀನು ಓಗು, ಅಸೂನ ನಾನು ನೋಡ್ಕಂತೀನಿ" ಎಂದಿದ್ದ. ಹಸುವಿನ ಮಾತು ಕೇಳಿ ಅವಳ ಎದೆ ಧಸಕ್ಕೆಂದಿತ್ತು.

ಯಾಕೆಂದರೆ ಹೋದ ವಾರ ಇದೇ ಹಸುವಿನ ನೆಪದಲ್ಲಿ ಅವಳು ಸುಳ್ಳು ಹೇಳಿ ಕಳಿಸಿದ್ದಳು. ಉರಿಗಾಮಿನ ಖಾಲಿ ಬಂಗಲೆಯೊಂದನ್ನು ಕಾಯುವ ಮುನಿಶಾಮಿ ಬಂಗಾರಪೇಟೆ ಸಂತೆಗೆ ಬಂದವನು ಮನೆಯ ಬಾಗಿಲಲ್ಲಿ ನಿಂತು, "ಏನಮ್ಮಾ, ಕನಕಮ್ಮ ಯೇಳಿ ಕಳಿಸೈತೆ. ಮರದಾಗೆ ಏರಳೆಕಾಯಿ ಅಣ್ಣಾಗವೆ, ಜಾಮು ಕಾಯ್ಸಾನ ಬಾ ಅಂತು" ಎಂದಿದ್ದ.

"ಬಿಡುವಿಲ್ಲ ಅಂತ ಯೇಳು. ಅಸು ಈಯೋ ಅಂಗೈತೆ."

ಹಸು ಈದು ಆಗಲೇ ತಿಂಗಳಾಗಿತ್ತು. ಕೊಟ್ಟಿಗೆಯಲ್ಲಿ ಕರು ಅಂಬಾ ಅನ್ನುತ್ತಿತ್ತು. ಮುನಿಶಾಮಿ ಕರುವನ್ನೂ ನೋಡಿ, ಅವಳನ್ನೂ ನೋಡಿ ಹೊರಟುಹೋಗಿದ್ದ.

ಗಣಿ ಕೆಲಸಗಾರರ ಲೈನಿನಲ್ಲಿ ಕನಕಮ್ಮನ ಮನೆಯ ಮುಂದೆ ತೆಂಗಿನ ಗರಿಯ ಚಪ್ಪರ ಎದ್ದಿತ್ತು. ತಮಟೆಯವರು ಹುಲ್ಲು ಉರಿಸಿ ತಮಟೆ ಕಾಯಿಸುತ್ತಿದ್ದರು. ಕನಕಮ್ಮನ ಮಗ ಜಯರಾಮಪ್ಪ ಎದ್ದು ಬಂದು, "ಚಿಕ್ಕಮ್ಮಾ, ನೀನು ಬರೋದ್ನೇ ಕಾಯ್ತಿದ್ವಿ" ಎಂದು ಅವಳ ಕೈ ಹಿಡಿದ. ಬಾಯಿಗೆ ಅಕ್ಕಿ ಹಾಕಲು ಸಾಲು ನಿಂತಿತ್ತು. ಅಮ್ಮಾಜಮ್ಮ ನಾಲ್ಕು ಕಾಳು ಹಾಕಿದಳು. ಅರ್ಧ ಹಾರವನ್ನು ಎದೆಯ ಮೇಲಿಟ್ಟಳು. ಆ ತಣ್ಣನೆಯ ಕೈಯನ್ನು ಎತ್ತಿ ಕೆನ್ನೆಗೊತ್ತಿಕೊಂಡಳು.

ಮೈ ತೊಳೆದು ಹೊಸ ಸೀರೆ ಉಡಿಸಿದ್ದರೂ ಬೆರಳಿನ ಸಂದಿಯಲ್ಲಿ ಹೇರಳೆ ಸಿಪ್ಪೆಯ ಘಮ ಇನ್ನೂ ಉಳಿದಿತ್ತು.

"ಬಂದಿದೀನಿ ಕಣೇ ಕನಕಾ," ಎಂದಳು. "ಈಗ ಬಂದಿದೀನಿ ನೋಡು, ಮುಂಡೆ ಬುದ್ಧಿ ನಂದು." ಗೋಳೋ ಎಂದು ಅತ್ತಳು.

*

ಗಣಿಯಲ್ಲಿ ಇನ್ನೂ ಬಿಳಿ ದೊರೆಗಳಿದ್ದ ಕಾಲದಲ್ಲಿ ಇಬ್ಬರೂ ಕ್ಯಾಸಂಬಳ್ಳಿ ಕಡೆಯಿಂದ ಬಂಗಲೆ ಕೆಲಸಕ್ಕೆ ಬಂದ ಹುಡುಗಿಯರು. ಕನಕ ಅಡುಗೆಮನೆಗೆ, ಅಮ್ಮಾಜಿ ಬಟ್ಟೆ ಒಗೆಯುವ ಕಲ್ಲಿಗೆ. ಅಡುಗೆಮನೆಯಲ್ಲಿ ದೊರಸಾನಿ ಏನು ಕಲಿಸುತ್ತಿದ್ದಳೋ ಅಮ್ಮಾಜಿಗೆ ಕಾಣುತ್ತಿರಲಿಲ್ಲ. ಕಿಟಕಿಯಿಂದ ಬರುವ ವಾಸನೆಯಷ್ಟೇ ಅವಳ ಪಾಲಿಗೆ. ಒಂದು ದಿನ ಕನಕ ಒಂದು ಚೂರು ಬ್ರೆಡ್ಡಿನ ಮೇಲೆ ಹೊಂಬಣ್ಣದ ಏನೋ ಬಳಿದುಕೊಂಡು ಸೆರಗಿನಡಿ ಮುಚ್ಚಿ ತಂದಳು.

"ಥೂ, ಕಯ್ಯಿ!" ಎಂದು ಅಮ್ಮಾಜಿ ಉಗಿಯಲು ಹೋದಳು.

"ಉಗೀಬ್ಯಾಡ ಕಣೇ, ತಡಿ, ತಡಿ. ಇಂದೆ ಸಿಹಿ ಬತ್ತೈತೆ."

ಬಂತು. ಆವತ್ತಿನಿಂದ ಇಬ್ಬರಿಗೂ ಅದರ ಹುಚ್ಚು. ದೊರಸಾನಿ ಅದಕ್ಕೆ ಏನೋ ಉದ್ದದ ಹೆಸರು ಹೇಳುತ್ತಿದ್ದಳು, ಇವರು ಕಹಿ ಜಾಮು ಅಂದುಕೊಂಡರು. ದೊರಸಾನಿ ಹಡಗು ಹತ್ತಿ ಹೋದಳು, ಬಂಗಲೆ ಖಾಲಿಯಾಯಿತು, ಹೇರಳೆ ಮರ ಉಳಿಯಿತು. ಕನಕ ಗಣಿ ಕೆಲಸದವನನ್ನು ಮದುವೆಯಾಗಿ ಉರಿಗಾಮಿನಲ್ಲೇ ನಿಂತಳು. ಅಮ್ಮಾಜಿ ಬಂಗಾರಪೇಟೆಯ ಹಾಲಿನವನ ಕೈ ಹಿಡಿದಳು. ಆದರೂ ಪ್ರತಿ ವರ್ಷ ಸಂಕ್ರಾಂತಿ ಕಳೆದ ಮೇಲೆ ಅಮ್ಮಾಜಮ್ಮ ಬೆಳಗಿನ ರೈಲು ಹತ್ತಿ ಉರಿಗಾಮಿಗೆ ಬರುವುದು, ಇಬ್ಬರೂ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಸಕ್ಕರೆ ಸುರಿದು ತಿರುವುವುದು, ಊರಿನವರನ್ನೆಲ್ಲ ಆಡಿಕೊಂಡು ನಗುವುದು, ರಾಗಿ ರೊಟ್ಟಿಗೆ ಬಿಸಿ ಜಾಮು ಸವರಿ ತಿನ್ನುವುದು ತಪ್ಪಿದ್ದಿಲ್ಲ. ಅವಳು ಬರುವಷ್ಟರಲ್ಲಿ ಸಿಪ್ಪೆ ಬೆಂದು ಮೆತ್ತಗಾಗಿ ಸಿದ್ಧವಾಗಿರುತ್ತಿತ್ತು. "ನೀನು ದಣಿದು ಬತ್ತೀಯ, ಅದೊಂದು ನಾನೇ ಬೇಯ್ಸಿಟ್ಟಿರ್ತೀನಿ" ಅನ್ನುತ್ತಿದ್ದಳು ಕನಕಮ್ಮ.

ಅದೇ ಜಾಮನ್ನು ಅಮ್ಮಾಜಮ್ಮ ತನ್ನ ಮನೆಯಲ್ಲಿ ಮಾಡಿದರೆ ಪಾನಕ! ಕಾಯಿ ಅದೇ ಮರದ್ದು, ಸಕ್ಕರೆ ಅದೇ ಅಳತೆ. ಎಷ್ಟು ಕುದಿಸಿದರೂ ನೀರುನೀರು, ಇನ್ನಷ್ಟು ಕುದಿಸಿದರೆ ತಳ ಹತ್ತಿ ಕರಕಲು. "ನಿನ್ನ ಜಾಮನ್ನ ರೊಟ್ಟಿಗಾಕೋದಲ್ಲ, ಲೋಟಕ್ಕೆ ಬಗ್ಗಿಸ್ಕಂಡು ಕುಡೀಬೇಕು" ಎಂದು ಅಶ್ವತ್ಥಪ್ಪ ಕಿಚಾಯಿಸುತ್ತಿದ್ದ.

"ಅದು ನೀರಿನ ಗುಣ ಕಣೇ ಅಮ್ಮಾಜೀ," ಎಂದು ಕನಕಮ್ಮ ಮುಖದ ಮೇಲೆ ಒಂದು ಗೆರೆಯೂ ಕದಲಿಸದೆ ಹೇಳುತ್ತಿದ್ದಳು. "ನಮ್ಮ ನಲ್ಲೀಲಿ ಬರೋದು ಬೇತಮಂಗಲದ ಕೆರೆ ನೀರು. ನಿಮ್ಮ ಬೋರು ನೀರಿಗೆ ಜಾಮು ಕೂರಾಕಿಲ್ಲ."

ಹೇಳಿಕೇಳಿ ಹಟಮಾರಿ ಹೆಂಗಸು ಅಮ್ಮಾಜಮ್ಮ. ಹೋದ ವರ್ಷ ಒಂದು ಬಿಂದಿಗೆ ಬೇತಮಂಗಲದ ನೀರು ತುಂಬಿಸಿಕೊಂಡು, ಬಾಯಿಗೆ ಬಾಳೆ ಎಲೆ ಕಟ್ಟಿ, ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದಳು. "ಗಂಗೆಯೇನಮ್ಮಾ?" ಎಂದು ಡಬ್ಬಿಯ ಜನವೆಲ್ಲ ನಕ್ಕರು. ಸೀರೆ ತೊಯ್ದು ತೊಪ್ಪೆಯಾಯಿತು. ಅಷ್ಟೆಲ್ಲ ಮಾಡಿ ಕುದಿಸಿದರೂ ಜಾಮು ಅದೇ ಪಾನಕ.

ಮಾರನೆಯ ದಿನವೇ ಅವಳು ಉರಿಗಾಮಿಗೆ ವಾಪಸು ಬಂದು ಬಾಗಿಲಲ್ಲಿ ನಿಂತು ಕೂಗಾಡಿದಳು. "ನೀರಂತೆ ನೀರು! ಏನೋ ಬಚ್ಚಿಟ್ಟಿದ್ದೀಯ ನೀನು. ಇಷ್ಟು ವರ್ಷ ನನ್ನ ಕೋತಿ ಕುಣಿಸ್ದಂಗೆ ಕುಣಿಸ್ದೆ!"

ಕನಕಮ್ಮನಿಗೆ ಬಿಂದಿಗೆಯ ಕತೆ ಕೇಳಿ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕಳು. ಅದೇ ತಪ್ಪಾಯಿತು. ಅಮ್ಮಾಜಮ್ಮ ತನ್ನ ಪಾಲಿನ ಜಾಮಿನ ಬಾಟಲುಗಳನ್ನು ಜಗಲಿಯ ಮೇಲೆ ಕುಕ್ಕಿ, "ಇನ್ನು ನಿನ್ನ ಒಸಲು ತುಳಿದ್ರೆ ಕೇಳು" ಎಂದು ಹೊರಟುಬಿಟ್ಟಳು. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುತ್ತದೆಯೇ? ಒಂದು ವರ್ಷ ಹಾಗೇ ಕಳೆಯಿತು.

*

ಮೂರು ಗಂಟೆಯ ಹೊತ್ತಿಗೆ ಹೆಣ ಎತ್ತಿದರು. ಹೆಂಗಸರು ಲೈನಿನ ತಿರುವಿನವರೆಗೆ ಹೋಗಿ ನಿಂತರು. ತಮಟೆಯ ಸದ್ದು ದೂರವಾಗುತ್ತಿದ್ದಂತೆ ಎಲ್ಲರಿಗಿಂತ ಹಿರಿಯಳಾದ ಪಾಪಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ನಡೀರಿ, ಮನೆ ತೊಳೀಬೇಕು. ತುಂಬಿಟ್ಟಿರೋ ನೀರು, ಮಾಡಿಟ್ಟಿರೋ ಅಡುಗೆ, ಎಲ್ಲಾ ಚೆಲ್ಲಿ. ಸಾವಿನ ಮನೇದು ಒಂದು ಅನೀನೂ ಉಳೀಬಾರ್ದು."

ಬಿಂದಿಗೆಗಳು ಒಂದೊಂದಾಗಿ ಚರಂಡಿಗೆ ಬರಿದಾದವು. ಕೊನೆಗೆ ಪಾಪಕ್ಕ ಒಲೆಯ ಪಕ್ಕದ ದೊಡ್ಡ ಪಾತ್ರೆಯನ್ನು ಎತ್ತಿಕೊಂಡು ಹೊರಗೆ ಬಂದಳು. ಅದರ ಬಾಯಿಗೆ ತಟ್ಟೆ ಮುಚ್ಚಿತ್ತು. ಅಂಗಳಕ್ಕೆಲ್ಲ ಆ ಘಮ ಹರಡಿತು.

"ಚೆಲ್ಲಬ್ಯಾಡ!" ಎಂದು ಅಮ್ಮಾಜಮ್ಮ ಓಡಿಹೋಗಿ ಪಾತ್ರೆಯ ಇನ್ನೊಂದು ಅಂಚು ಹಿಡಿದಳು.

"ಅಯ್ಯೋ ದೇವುಡಾ! ಮೈಲಿಗೆ ಕಣಮ್ಮಾ, ಬಿಡು."

"ಮೈಲಿಗೇನೂ ನಂದೇ, ಬಿಡು ನೀನು."

ಜಗ್ಗಾಟದಲ್ಲಿ ತಟ್ಟೆ ಜಾರಿ ಬಿತ್ತು. ದಾರದಷ್ಟು ತೆಳ್ಳಗೆ ಹೆಚ್ಚಿದ ಸಿಪ್ಪೆ ನೀರಲ್ಲಿ ತೇಲುತ್ತಿತ್ತು. ಅದರ ನಡುವೆ ಬಿಳಿ ಬಟ್ಟೆಯ ಗಂಟೊಂದು. ಅಮ್ಮಾಜಮ್ಮ ಅದನ್ನು ಎತ್ತಿದಳು. ಒಳಗೆ ಕಾಳುಕಾಳು. ಹಿಸುಕಿದರೆ ಲೋಳೆಸರದಂತಹ ಅಂಟು ಬೆರಳಿಗೆ ಮೆತ್ತಿತು.

"ಇದೇನೇ ಇದು?"

ಸೊಸೆ ವೆಂಕಟರತ್ನಮ್ಮ ಪೊರಕೆ ಕೆಳಗಿಟ್ಟಳು. "ಬೀಜ, ಚಿಕ್ಕತ್ತೆ. ಏರಳೆ ಬೀಜ. ಅದ್ನ ಗಂಟು ಕಟ್ಟಿ ಸಿಪ್ಪೆ ಜೊತೇಲಿ ರಾತ್ರಿ ನೆನೆಸಿ ಬೇಯ್ಸಿದ್ರೇನೇ ಜಾಮು ಗಟ್ಟಿ ಕೂರೋದು. ನೀವು ಬರೋಕ್ಮುಂಚೆ ಬೇಯ್ಸಿ, ಗಂಟು ಇಂಡಿ ತೆಗೆದುಬಿಡ್ತಿದ್ರು."

ಅಮ್ಮಾಜಮ್ಮ ಇಷ್ಟು ವರ್ಷ ಬೀಜವನ್ನೆಲ್ಲ ಆರಿಸಿ ಆರಿಸಿ ತಿಪ್ಪೆಗೆ ಹಾಕಿದ್ದಳು. ಕೋಪ ಭುಗ್ಗೆಂದು ನೆತ್ತಿಗೇರಿತು. ಬೈಯಲು ಯಾರಿದ್ದರು? ತಮಟೆಯ ಸದ್ದೂ ನಿಂತುಹೋಗಿತ್ತು.

"ಬೀಜ ಆಕು ಅಂತ ಒಂದು ಮಾತು ಯೇಳಿದ್ರೆ ಅವಳ ಗಂಟೇನು ಓಗ್ತಿತ್ತು?"

"ನಾನೂ ಕೇಳ್ದೆ ಚಿಕ್ಕತ್ತೆ. 'ಯೇಳ್ಬಿಟ್ರೆ ಅವಳು ಇನ್ಯಾತಕ್ಕೆ ರೈಲತ್ತಿ ಬತ್ತಾಳೆ' ಅಂದ್ರು." ವೆಂಕಟರತ್ನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಮಾವ ಓದ ಮ್ಯಾಲಂತೂ ವರ್ಷವೆಲ್ಲ ನಿಮ್ಮ ಮಾತೇ. ಬಂಗಲೆ ಮರದಾಗೆ ಹೂ ಬಿಟ್ರೆ ಸಾಕು, ಅಮ್ಮಾಜಿ ಬತ್ತಾಳೆ, ಅಮ್ಮಾಜಿ ಬತ್ತಾಳೆ ಅಂತ. ಈ ಸಲ ಬೇಯ್ಸಲೇ ಇಲ್ಲ. ನೆನೆಯಾಕಿ ಮುಚ್ಚಿಟ್ರು. 'ಅಸು ಈದಾಗೈತಂತೆ, ಮುನಿಶಾಮಿ ಯೇಳ್ದ. ಸುಳ್ಳಾಡಿದ್ದಾಳೆ, ನಾಚ್ಕಂಡು ತಾನೇ ಬತ್ತಾಳೆ. ಬಂದ್ಮ್ಯಾಲೆ ಗಂಟು ತೋರಿಸ್ಬಿಡ್ತೀನಿ. ಗೊತ್ತಾದ ಮ್ಯಾಲೂ ವರ್ಷ ವರ್ಷ ಬತ್ತಾಳೋ ಇಲ್ವೋ ನೋಡಾನ' ಅಂದ್ರು. ಅಂದು ಮಲಗಿದ್ರು."

ಅಮ್ಮಾಜಮ್ಮ ಗಂಟನ್ನು ಮೆಲ್ಲಗೆ ನೀರಿಗಿಳಿಸಿದಳು. "ಬತ್ತಿದ್ನಲ್ಲೇ," ಎಂದಳು ಪಾತ್ರೆಯೊಳಕ್ಕೆ ನೋಡುತ್ತ. "ಜಾಮು ಯಾವಳಿಗೆ ಬೇಕಿತ್ತು? ಬತ್ತಿದ್ದೆ ಕಣೇ."

ಪಾಪಕ್ಕ ಆಮೇಲೆ ಮೈಲಿಗೆಯ ಮಾತೆತ್ತಲಿಲ್ಲ. ತಟ್ಟೆಯನ್ನು ತಾನೇ ಎತ್ತಿ ಮುಚ್ಚಿ, ಹಳೆಯ ಸೀರೆ ಚೂರಿನಿಂದ ಬಾಯಿ ಬಿಗಿದು ಕಟ್ಟಿಕೊಟ್ಟಳು. ಸಾವಿನ ಮನೆಯಿಂದ ಹೊರಡುವಾಗ ಹೋಗಿ ಬರುತ್ತೇನೆ ಅನ್ನಬಾರದು. ಅಮ್ಮಾಜಮ್ಮ ಏನೂ ಅನ್ನದೆ ಹೊರಟಳು. ರೈಲಿನಲ್ಲಿ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಡಬ್ಬಿ ಅಲುಗಿದಾಗೆಲ್ಲ ಬೇತಮಂಗಲದ ನೀರು ತುಳುಕಿ ಸೀರೆ ತೋಯಿಸಿತು. ಈ ಸಲ ಯಾರೂ ನಗಲಿಲ್ಲ.

*

ಸಾವಿನ ಮನೆಯ ಪಾತ್ರೆಯನ್ನು ಮನೆಯೊಳಗೆ ತರುವಂತಿರಲಿಲ್ಲ. ಅವಳು ತಲೆಗೆ ನೀರು ಹುಯ್ದುಕೊಂಡು, ಕೊಟ್ಟಿಗೆಯ ಪಕ್ಕ ಮೂರು ಕಲ್ಲಿಟ್ಟು ಒಲೆ ಹೂಡಿದಳು. ಸಿಪ್ಪೆ ಬೆರಳಿಗೆ ಕಿವುಚಿ ಹೋಗುವಷ್ಟು ಬೆಂದ ಮೇಲೆ ಗಂಟು ತೆಗೆದು ಹಿಂಡಿದಳು. ಸಕ್ಕರೆ ಸುರಿದು ಒಬ್ಬಳೇ ತಿರುವಿದಳು. ಪಕ್ಕದಲ್ಲಿ ಇನ್ನೊಂದು ಮಣೆ ಹಾಕಿದ್ದು ಅವಳಿಗೇ ತಿಳಿದಿರಲಿಲ್ಲ.

ಅಶ್ವತ್ಥಪ್ಪ ಸಂಜೆಯ ಹಾಲು ಹಾಕಿ ಬಂದವನು ನಿಂತು ನೋಡಿದ. ಅವಳು ನೀರಿನ ಮಡಕೆಯ ಮೇಲೆ ತಣ್ಣಗಾಗಲು ಇಟ್ಟಿದ್ದ ತಟ್ಟೆಯನ್ನು ತಂದು ಅದರ ಮೇಲೆ ಜಾಮಿನ ಒಂದು ತೊಟ್ಟು ಹಾಕಿದಳು. ಆರುವ ತನಕ ಕಾದು ಬೆರಳಿನಿಂದ ದೂಡಿದಳು. ಹೊಂಬಣ್ಣದ ತೊಟ್ಟಿನ ಮೇಲೆ ಹಾಲಿನ ಕೆನೆಯಂತೆ ಸುಕ್ಕು ಎದ್ದಿತು.

"ಆಹಾ! ಕೂತೈತಲ್ಲೇ!" ಎಂದ ಅಶ್ವತ್ಥಪ್ಪ. ಅವಳಿಗೆ ಸಮಾಧಾನವಾಗಲೆಂದೇ ಅವನು ಅಂದದ್ದು. "ಕೊನೆಗೂ ಬಂತು ನೋಡು ನಿನ್ನ ಕೈಗೆ. ಇನ್ನ ಇದಕ್ಕೋಸ್ಕರ ಉರಿಗಾಮಿಗೆ ಓಗೋದು ತಪ್ತು."

ಅಮ್ಮಾಜಮ್ಮ ತಟ್ಟೆಯನ್ನು ಒಂದು ಕಡೆಗೆ ಓರೆ ಮಾಡಿದಳು. ತೊಟ್ಟು ಕದಲಲಿಲ್ಲ. ಇನ್ನೊಂದು ಕಡೆಗೆ ವಾಲಿಸಿದಳು.

"ಅರಿಯೇ," ಎಂದಳು. "ಒಂಚೂರು ನೀರಾಗಿ ಅರಿಯೇ, ನಮ್ಮಮ್ಮಾ."

ತಟ್ಟೆಯನ್ನು ನೆಟ್ಟಗೆ ನಿಲ್ಲಿಸಿ ಒಲೆಯ ಬೆಳಕಿಗೆ ಹಿಡಿದಳು. ತೊಟ್ಟು ಇದ್ದಲ್ಲೇ ಇತ್ತು.