ಹೆಬ್ಬೆರಳಿಗೊಂದು ಇಂಡಿಕೇಟರ್

ಅಮ್ಮನ ವ್ಯಾನು ಮಾರುವುದೆಂದು ಅಣ್ಣ ಒಬ್ಬನೇ ತೀರ್ಮಾನ ಮಾಡಿಬಿಟ್ಟಿದ್ದ. ಅಮ್ಮನನ್ನು ಕೇಳಿದೆಯಾ ಎಂದರೆ, "ಕೇಳೋದೇನಿದೆ? ಎಡಗೈ ಬೆರಳು ಬಗ್ಗಲ್ವಲ್ಲ" ಎಂದ. ಬಾಗಿಲಿಗೆ ಸಿಕ್ಕಿ ಜಜ್ಜಿದ ಮೇಲೆ ಬೆರಳು ಸೆಟೆದಿದ್ದು ನಿಜ. ಆದರೂ ಅಂಗೈಯಿಂದ ಗೇರ್ ತಳ್ಳುತ್ತಾಳೆ, ಬಲಗೈಯಲ್ಲಿ ಸ್ಟೇರಿಂಗ್ ತಿರುಗಿಸುತ್ತಾಳೆ. ಇಂಡಿಕೇಟರ್ ಕಡ್ಡಿಯೊಂದು ಎಡಗಡೆ ಇದೆ, ಅಷ್ಟೆ. ಅಷ್ಟಕ್ಕೇ, ಅಂಗಡಿ ಅಂಗಡಿಗೆ ಬ್ರೆಡ್ ಹಂಚಿ ನಮ್ಮಿಬ್ಬರನ್ನೂ ಸಾಕಿದವಳು ಮನೆ ಮೂಲೆ ಸೇರಬೇಕಂತೆ. ನನಗೆ ಮೈಯೆಲ್ಲ ಉರಿದುಹೋಯಿತು.

ನಾನು ಅಣ್ಣನ ಗ್ಯಾರೇಜಿನಲ್ಲೇ ವೈರಿಂಗ್ ಮಾಡುವವಳು. ಸ್ಟೇರಿಂಗಿನಲ್ಲಿ ಬಲಗೈ ಹೆಬ್ಬೆರಳಿಗೆ ಎಟಕುವಂತೆ ಎರಡು ಗುಂಡಿ ಕೂರಿಸಿದೆ. ಯಾವ ಗುಂಡಿ ಒತ್ತಿದರೆಂದು ತಿಳಿಯಲು ಮೈಕ್ರೋಕಂಟ್ರೋಲರ್ ಎಂಬ ಒಂದು ಪುಟ್ಟ ಚಿಪ್, ಅದು ಹೇಳಿದಂತೆ ದೀಪಕ್ಕೆ ಕರೆಂಟು ಬಿಡಲು, ನಿಲ್ಲಿಸಲು ಟ್ರಾನ್ಸಿಸ್ಟರ್. ಮೇಜಿನ ಮೇಲೆ ಬ್ಯಾಟರಿ, ಬಲ್ಬು ಇಟ್ಟು ನೋಡಿದಾಗ ಚೊಕ್ಕವಾಗಿ ಮಿನುಗಿತು.

ವ್ಯಾನು ಕೊಳ್ಳುವವನು ಬರುವ ದಿನ ಬೆಳಿಗ್ಗೆ ಅದನ್ನು ಗಾಡಿಗೆ ಜೋಡಿಸಿದೆ. ದೀಪ ಹತ್ತಿತು. ಹತ್ತಿದ್ದು ಆರಲೇ ಇಲ್ಲ.

"ನಿನ್ನ ಬಾಯಿ ಥರಾನೇ ಇದೆಯಲ್ಲೇ, ಒಂದ್ಸಲ ಶುರುವಾದ್ರೆ ನಿಲ್ಲೋದೇ ಇಲ್ಲ!" ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ.

"ನಿನ್ನ ಬುದ್ಧಿ ಥರ ಹತ್ತದೇ ಇರೋದಕ್ಕಿಂತ ವಾಸಿ" ಎಂದೆ.

ಹಾಗೆನ್ನುತ್ತಲೇ ಸ್ಕ್ರೂಡ್ರೈವರ್ ಹಿಡಿದು ಗಾಡಿಯ ಹಿಂದಕ್ಕೆ ಓಡಿದೆ. ಹಿಂದಿನ ದೀಪ ಬಿಚ್ಚಿದಾಗ ತಲೆ ಚಚ್ಚಿಕೊಳ್ಳುವಂತಾಯಿತು. ಮೇಜಿನ ಮೇಲಿನ ಬಲ್ಬಿಗೆ ನಾನು ಎರಡು ವೈರು ಎಳೆದಿದ್ದೆ. ಗಾಡಿಯ ಬಲ್ಬಿಗೆ ಬರುವುದು ಪ್ಲಸ್ಸಿನ ವೈರೊಂದೇ. ಮೈನಸ್ಸಿಗೆ ಗಾಡಿಯ ತಗಡಿನ ಮೈಯೇ ಸಾಕು. ನಾನೋ ಟ್ರಾನ್ಸಿಸ್ಟರನ್ನು ಮೈನಸ್ಸಿನ ಕಡೆ ಕಾವಲಿಗೆ ನಿಲ್ಲಿಸಿದ್ದೆ. ಕರೆಂಟು ಅದಕ್ಕೆ ಸೊಪ್ಪು ಹಾಕದೆ ತಗಡಿನಲ್ಲೇ ಹೋಗಿಬಿಡುತ್ತಿತ್ತು. ದಿನವಿಡೀ ಗ್ಯಾರೇಜಿನಲ್ಲೇ ಇರುವವಳಿಗೆ ಇಷ್ಟು ಹೊಳೆಯಬೇಡವೇ?

"ಸಾಕು ಬಿಡೇ, ಅವನು ಬರೋ ಹೊತ್ತಾಯ್ತು."

"ಬರಲಿ. ಬಂದು ಕಾಯಲಿ."

ಕಾವಲನ್ನು ಪ್ಲಸ್ಸಿನ ಕಡೆಗೆ ಬದಲಾಯಿಸಿದೆ. ಅಲ್ಲಿಗೆ ಬೇರೆ ಜಾತಿಯ ಟ್ರಾನ್ಸಿಸ್ಟರೇ ಬೇಕು. ಮೈಕ್ರೋಕಂಟ್ರೋಲರಿನ ಐದು ವೋಲ್ಟಿಗೆ ಅದು ನೇರವಾಗಿ ಜಗ್ಗುವುದಿಲ್ಲ, ನಡುವೆ ದಲ್ಲಾಳಿಯಾಗಿ ಇನ್ನೊಂದು ಪುಟ್ಟ ಟ್ರಾನ್ಸಿಸ್ಟರ್ ಇರಬೇಕು. ಎಡ, ಬಲ ಎರಡೂ ಪಕ್ಕದ ದೀಪಗಳಿಗೆ ಹೀಗೆ ಬೆಸುಗೆ ಹಾಕುವಷ್ಟರಲ್ಲಿ ಕೊಳ್ಳುವವನು ಬಂದು ಟೈರುಗಳನ್ನು ಒದ್ದು ನೋಡುತ್ತಿದ್ದ.

"ಅಮ್ಮ, ಕೀ ಕೊಡು" ಎಂದ ಅಣ್ಣ.

ಅಮ್ಮ ಕೊಡಲಿಲ್ಲ. ನನ್ನ ಮುಖ ನೋಡಿದಳು. ನಾನು ಹೂಂ ಎಂದು ತಲೆಯಾಡಿಸಿದೆ. ಹತ್ತಿ ಕೂತು ಸ್ಟಾರ್ಟ್ ಮಾಡಿ, ಹೆಬ್ಬೆರಳಿನಿಂದ ಗುಂಡಿ ಒತ್ತಿದಳು. ಬಲಗಡೆಯ ದೀಪಗಳು ಮಿನುಗಿದವು. ಇನ್ನೊಮ್ಮೆ ಒತ್ತಿದಳು, ಆರಿದವು. ಮತ್ತೆ ಹಚ್ಚಿ, ಗಾಡಿಯನ್ನು ಗೇಟಿನತ್ತ ಬಿಟ್ಟಳು. ನನಗೆ ಕೂಗಿ ಕುಣಿಯುವಷ್ಟು ಖುಷಿಯಾಯಿತು.

ಅಣ್ಣ ಓಡಿಹೋಗಿ ಗೇಟಿಗೆ ಅಡ್ಡ ನಿಂತ. "ಅಮ್ಮಾ, ಮಾತು ಕೊಟ್ಟಾಗಿದೆ! ಅವರಿಗೆ ಏನಂತ ಹೇಳ್ಲಿ?"

ಅಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. "ಮಾತು ಕೊಟ್ಟೋನು ನೀನು, ಗಾಡಿ ನಂದು. ಬಲಕ್ಕೆ ತಿರುಗ್ತಿದೀನಿ, ಕಣ್ಣು ಕಾಣಲ್ವೇನೋ? ಸರಿ ಆಚೆ."

ಅಣ್ಣ ಸರಿದ. ಕೊಳ್ಳಲು ಬಂದವನು ಅವನಿಗಿಂತ ಮೊದಲೇ ಸರಿದಿದ್ದ.